ಬಾಣಂತನಕ್ಕೆ ಬರುವ ಮಗಳ ಕೋಣೆಯನ್ನು ವಿಷದ ಸೋಂಕಿಲ್ಲದಂತೆ ಸಿದ್ಧಪಡಿಸುವುದು ಹೇಗೆ?

ತುಂಬೆಹೂ, ಮೈಸೂರು:

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಈಗ ಐದು ತಿಂಗಳ ಗರ್ಭಿಣಿ. ಸೀಮಂತ ಮುಗಿಸಿಕೊಂಡು ಡಿಸೆಂಬರಿನಲ್ಲಿ ತವರಿಗೆ ಬರುತ್ತಾಳೆ; ಫೆಬ್ರವರಿಯಲ್ಲಿ ಹೆರಿಗೆ, ಆಮೇಲೆ ಮೂರು ತಿಂಗಳ ಬಾಣಂತನ ನಮ್ಮಲ್ಲಿಯೇ. ಅವಳಿಗೆ ಚಿಕ್ಕಂದಿನಿಂದಲೂ ಉಬ್ಬಸವಿದೆ. ಬಣ್ಣದ ವಾಸನೆ, ಅಗರಬತ್ತಿಯ ಹೊಗೆ ಎರಡೂ ಆಗಿಬರುವುದಿಲ್ಲ. ಆದ್ದರಿಂದ ತಾಯಿ, ಮಗು ಇಬ್ಬರೂ ಮಲಗುವ ಕೋಣೆಯನ್ನು ಈ ಎರಡು ತಿಂಗಳಲ್ಲಿ ಸರಿಯಾಗಿ ಸಿದ್ಧಪಡಿಸಬೇಕೆಂದಿದ್ದೇನೆ.

ಕೋಣೆ 10 ಅಡಿಗೆ 12 ಅಡಿ. ಮನೆಯನ್ನು ನಮ್ಮ ಮಾವನವರು 1954ರಲ್ಲಿ ಕಟ್ಟಿಸಿದ್ದು. ಗೋಡೆಗೆ ಸುಣ್ಣದ ಗಾರೆ, ನೆಲಕ್ಕೆ ರೆಡ್ ಆಕ್ಸೈಡ್, ಮೇಲೆ ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣ ಕೂರಿಸಿದ ಮದ್ರಾಸ್ ತಾರಸಿ. ಐದು ವರ್ಷದ ಹಿಂದೆ ಗೋಡೆಗಳಿಗೆ ಪ್ಲಾಸ್ಟಿಕ್ ಎಮಲ್ಷನ್ ಹೊಡೆಸಿದೆವು. ಅಂದಿನಿಂದ ಪ್ರತಿ ಮಳೆಗಾಲದಲ್ಲಿಯೂ ಉತ್ತರದ ಗೋಡೆಯ ಕೆಳಭಾಗದಲ್ಲಿ ಬಣ್ಣ ಹಪ್ಪಳದಂತೆ ಉಬ್ಬುತ್ತದೆ; ಉಗುರಿನಿಂದ ಕೆರೆದರೆ ಒಳಗಿನಿಂದ ಬಿಳಿಯ ಪುಡಿ ಉದುರುತ್ತದೆ.

ಒಳಾಂಗಣದ ಕೆಲಸ ಮಾಡುವವರೊಬ್ಬರು ಬಂದು ನೋಡಿ 2,40,000 ರೂಪಾಯಿಯ ಅಂದಾಜು ಕೊಟ್ಟಿದ್ದಾರೆ. ಪಾರ್ಟಿಕಲ್ ಬೋರ್ಡಿನ ಗೋಡೆಯಗಲದ ವಾರ್ಡ್‌ರೋಬ್, ಅಡಿಯಲ್ಲಿ ಸಾಮಾನು ತುಂಬುವ ಮಂಚ, ಫೋಮ್ ಹಾಸಿಗೆ, ತೇವದ ಗೋಡೆಗೆ ವಾಲ್‌ಪೇಪರ್, ನೆಲಕ್ಕೆ ವಿನೈಲ್ ಹಾಳೆ, ಗಾಳಿ ಶುದ್ಧಮಾಡುತ್ತವೆ ಎನ್ನುವ ಆರು ಕುಂಡಗಳು. ಎಲ್ಲವೂ ಪರಿಸರಸ್ನೇಹಿ ಎಂದು ಅವರ ಮಾತು. ಆದರೆ ಪಕ್ಕದ ಮನೆಯಲ್ಲಿ ಇಂಥದೇ ವಾರ್ಡ್‌ರೋಬ್ ಮಾಡಿಸಿ ನಾಲ್ಕು ತಿಂಗಳಾಗಿದ್ದರೂ ಅದರ ಬಾಗಿಲು ತೆರೆದರೆ ನನಗೆ ಕಣ್ಣು ಉರಿದು ನೀರು ಬರುತ್ತದೆ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಹಳೇಮರ, ಹುಣಸೂರು:

ತಾಯಿ, ನಾನು ಮೂವತ್ತು ವರ್ಷದಿಂದ ಬಡಗಿ ಕೆಲಸ ಮಾಡುತ್ತಿರುವವನು. ನಿಮ್ಮ ಕಣ್ಣು ಉರಿಸಿದ್ದು ಫಾರ್ಮಾಲ್ಡಿಹೈಡ್ ಎಂಬ ಅನಿಲ. ಪಾರ್ಟಿಕಲ್ ಬೋರ್ಡು, ಎಂಡಿಎಫ್ ಎಂದರೆ ಮರದ ಹೊಟ್ಟನ್ನೋ ನಾರನ್ನೋ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟಿನಲ್ಲಿ ಕಲಸಿ ಒತ್ತಿದ ಹಲಗೆ. ಈ ಅಂಟು ಸೆಕೆಗೂ ತೇವಕ್ಕೂ ನಿಧಾನವಾಗಿ ಒಡೆಯುತ್ತ ಅನಿಲವನ್ನು ಬಿಡುತ್ತಲೇ ಇರುತ್ತದೆ. ಮೊದಲ ತಿಂಗಳುಗಳಲ್ಲಿ ಹೆಚ್ಚು, ಆಮೇಲೆ ಕಡಿಮೆಯಾಗುತ್ತದೆಯಾದರೂ ವರ್ಷಗಟ್ಟಲೆ ಪೂರ್ತಿಯಾಗಿ ನಿಲ್ಲುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿಯೇ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ನಮ್ಮ ಕಸುಬಿನವರು ಈ ಧೂಳನ್ನೂ ವಾಸನೆಯನ್ನೂ ದಿನವಿಡೀ ಕುಡಿಯುತ್ತೇವೆ, ಆದ್ದರಿಂದ ಈ ವಿಷಯದಲ್ಲಿ ನಾನು ಸುಮ್ಮನಿರಲಾರೆ.

ಹೊರಮುಖಕ್ಕೆ ಲ್ಯಾಮಿನೇಟ್ ಅಂಟಿಸಿ ಚಂದ ಮಾಡಿರುತ್ತಾರೆ. ಅನಿಲ ಹೊರಬೀಳುವುದು ಯಾರೂ ನೋಡದ ಜಾಗಗಳಿಂದ, ಅಂದರೆ ಗೋಡೆಗೆ ತಾಗುವ ಹಿಂಬದಿ, ಕೊಯ್ದ ಅಂಚುಗಳು, ಬಾಗಿಲಿನ ಕೀಲು ಕೂರಿಸಲು ಕೊರೆದ ತೂತುಗಳಿಂದ. ನಿಮ್ಮ ಉತ್ತರದ ಗೋಡೆ ತೇವವಾಗಿದೆ ಎಂದಿರಿ. ಅದಕ್ಕೇ ಆನಿಸಿ ಪಾರ್ಟಿಕಲ್ ಬೋರ್ಡು ನಿಲ್ಲಿಸಿದರೆ ಹಿಂಬದಿ ಬೂಸಲು ಹಿಡಿದು, ಬೋರ್ಡು ಉಬ್ಬಿ, ವಾಸನೆಯೂ ಇಮ್ಮಡಿಯಾಗುತ್ತದೆ. ಯಾವ ಕಾರಣಕ್ಕೂ ಅದನ್ನು ಮಾಡಿಸಬೇಡಿ.

ಪ್ಲೈವುಡ್ಡಿನಲ್ಲಿಯೂ ಭೇದವಿದೆ. ಐಎಸ್ 303 ಎಂಬ ಭಾರತೀಯ ಮಾನಕದ ಎಂಆರ್ (ತೇವ ತಡೆಯುವ) ದರ್ಜೆಯಲ್ಲಿ ಯೂರಿಯಾ ಅಂಟೇ ಇರುತ್ತದೆ. ಐಎಸ್ 710 ಎಂದು ಮುದ್ರೆ ಬಿದ್ದ ಬಿಡಬ್ಲ್ಯುಪಿ (ಕುದಿನೀರನ್ನೂ ತಡೆಯುವ) ಹಲಗೆಯಲ್ಲಿ ಬಳಸುವುದು ಫೀನಾಲ್ ಸೇರಿದ ಅಂಟು. ಅದು ಗಟ್ಟಿಯಾಗಿ ಕಚ್ಚಿಕೊಂಡಿರುವುದರಿಂದ ಬಿಡುವ ಅನಿಲ ಬಹಳ ಕಡಿಮೆ. ಅಂಚನ್ನು ನೋಡಿದರೆ ಪದರಗಳ ನಡುವೆ ಕಡುಕಂದು ಗೆರೆಗಳು ಕಾಣುತ್ತವೆ. ಅಂಗಡಿಯವರು ಇದು ಇ1, ಇ0 (ಫಾರ್ಮಾಲ್ಡಿಹೈಡ್ ಕಡಿಮೆ ಬಿಡುವ ದರ್ಜೆಗಳು) ಎಂದು ಹೇಳಿದರೆ ಬಾಯಿಮಾತಿಗೆ ಒಪ್ಪದೆ ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಆದರೆ ನನ್ನ ಮೊದಲ ಪ್ರಶ್ನೆಯೇ ಬೇರೆ. 1954ರ ಮನೆ ಎಂದಮೇಲೆ ಹಳೆಯ ಮಂಚವೊಂದು ಇರಲೇಬೇಕಲ್ಲವೇ? ಗೋಡೆಯೊಳಗೆ ಅಲಮಾರು ಇಲ್ಲವೇ?

ತುಂಬೆಹೂ, ಮೈಸೂರು:

ಇವೆ ಅಣ್ಣ. ಅತ್ತೆಯವರ ತೇಗದ ಮಂಚವನ್ನು ಅಟ್ಟದ ಮೇಲೆ ಬಿಚ್ಚಿಟ್ಟಿದ್ದೇವೆ. ಕೋಣೆಯಲ್ಲಿ ಗೋಡೆಯೊಳಗಿನ ಅಲಮಾರು ಒಂದಿದೆ, ಕಬ್ಬಿಣದ ಬೀರು ಒಂದು ಹಜಾರದಲ್ಲಿದೆ. ಹಳೆಯದನ್ನೇ ಮಗಳಿಗೆ ಕೊಡುವುದು ಹೇಗೆ ಎಂಬ ಸಂಕೋಚದಿಂದ ಹೊಸದರ ಯೋಚನೆ ಮಾಡಿದ್ದೆ.

ಹಳೇಮರ, ಹುಣಸೂರು:

ಸಂಕೋಚ ಬಿಡಿ ತಾಯಿ. ಎಪ್ಪತ್ತು ವರ್ಷ ಒಣಗಿದ ತೇಗ ಇಂದು ದುಡ್ಡು ಕೊಟ್ಟರೂ ಸಿಗುವುದಿಲ್ಲ. ಮಂಚವನ್ನು ಇಳಿಸಿ, ಕೀಲುಗಳ ಸಂದಿಯಲ್ಲಿ ತಿಗಣೆ ಇದೆಯೇ ಎಂದು ನೋಡಿ. ಇದ್ದರೆ ಸಂದಿಗಳಿಗೆ ಕುದಿನೀರು ಹೊಯ್ದು ನಾಲ್ಕು ದಿನ ಬಿಸಿಲಿಗೆ ಹಾಕಿ. ಮೆಲಮೈನ್, ಪಿಯು ಪಾಲಿಶ್ ಬೇಡ. ಅವುಗಳ ತಿನ್ನರ್ ವಾಸನೆ ಆರಲು ವಾರಗಳೇ ಬೇಕು. ಅಗಸೆ ಎಣ್ಣೆಯನ್ನು ಬಟ್ಟೆಯಲ್ಲಿ ತೆಳುವಾಗಿ ತಿಕ್ಕಿ, ಉಳಿದದ್ದನ್ನು ಒರೆಸಿ, ಎರಡು ವಾರ ಗಾಳಿಗೆ ಬಿಟ್ಟರೆ ಸಾಕು. ಒಂದು ಎಚ್ಚರಿಕೆ: ಆ ಎಣ್ಣೆ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯಬೇಡಿ. ಅದು ತನ್ನಷ್ಟಕ್ಕೆ ಕಾವು ಏರಿ ಹೊತ್ತಿಕೊಳ್ಳುತ್ತದೆ. ನನ್ನ ಕಾರ್ಖಾನೆಯಲ್ಲಿ ಒಮ್ಮೆ ಸಂಜೆ ಬಿಟ್ಟುಹೋದ ಬಟ್ಟೆಯಿಂದ ಹೊಟ್ಟಿನ ಚೀಲ ಸುಟ್ಟಿತ್ತು. ನೀರಿನಲ್ಲಿ ಅದ್ದಿ, ಹರಡಿ ಒಣಗಿಸಿದ ಮೇಲೆಯೇ ಬಿಸಾಡಬೇಕು.

ಬಟ್ಟೆಗೆ ಆ ಬೀರು ಸಾಕು. ಹಳೆಯ ಕಬ್ಬಿಣದ ಬೀರುವಿನಿಂದ ಗಾಳಿಗೆ ಸೇರುವುದು ಏನೂ ಇಲ್ಲ.

ಸುಣ್ಣದಗೂಡು, ಮಡಿಕೇರಿ:

ಅಮ್ಮ, ನಾನು ಸಿವಿಲ್ ಎಂಜಿನಿಯರ್, ಹಳೆಯ ಮನೆಗಳ ದುರಸ್ತಿ ನನ್ನ ಕೆಲಸ. ನಿಮ್ಮ ಗೋಡೆಯ ಕಥೆಯನ್ನು ಓದುತ್ತಿದ್ದಂತೆಯೇ ಎಷ್ಟೋ ಮನೆಗಳು ಕಣ್ಣ ಮುಂದೆ ಬಂದವು. ಸುಣ್ಣದ ಗಾರೆ ಉಸಿರಾಡುವ ಗಾರೆ. ನೆಲದಿಂದ ಏರಿದ ತೇವವನ್ನು ಅದು ತನ್ನ ಮೈಮೇಲಿನಿಂದ ಗಾಳಿಗೆ ಬಿಟ್ಟುಬಿಡುತ್ತದೆ. ನೀವು ಪ್ಲಾಸ್ಟಿಕ್ ಎಮಲ್ಷನ್ ಬಳಿಸಿದ ದಿನ ಆ ದಾರಿ ಮುಚ್ಚಿತು. ತೇವ ಒಳಗೇ ನಿಂತು, ಅದರಲ್ಲಿ ಕರಗಿದ ಉಪ್ಪು ಬಣ್ಣದ ಹಿಂದೆ ಹರಳುಗಟ್ಟಿ, ಬಣ್ಣವನ್ನು ಹೊರಗೆ ತಳ್ಳಿತು. ನಿಮ್ಮ ಉಗುರಿಗೆ ಸಿಕ್ಕ ಬಿಳಿಯ ಪುಡಿ ಆ ಉಪ್ಪೇ. ಅದರ ಮೇಲೆ ವಾಲ್‌ಪೇಪರ್ ಅಂಟಿಸಿದರೆ ಹಾಳೆಗೂ ಗೋಡೆಗೂ ನಡುವೆ ಬೂಸಲಿನ ತೋಟವೇ ಬೆಳೆಯುತ್ತದೆ, ಮತ್ತು ಉಬ್ಬಸದವರಿಗೆ ಬೂಸಲಿನ ಕಣಗಳಷ್ಟು ಕೆಟ್ಟದ್ದು ಇನ್ನೊಂದಿಲ್ಲ.

ಮೊದಲು ಗೋಡೆಯ ಹೊರಬದಿಗೆ ಹೋಗಿ ನೋಡಿ. ಹೂದೋಟದ ಮಣ್ಣು ಏರಿಸಿ ಏರಿಸಿ ಅಡಿಪಾಯದ ಪಟ್ಟಿಗಿಂತ ಮೇಲೆ ಬಂದಿದೆಯೇ? ತಾರಸಿಯ ಮಳೆನೀರಿನ ಕೊಳವೆ ಒಡೆದು ಗೋಡೆಗೇ ನೀರುಣಿಸುತ್ತಿದೆಯೇ? ನಾನು ನೋಡಿದ ಹತ್ತರಲ್ಲಿ ಎಂಟು ಮನೆಗಳಲ್ಲಿ ಕಾರಣ ಇವೆರಡರಲ್ಲೊಂದು. ಅದನ್ನು ಸರಿಪಡಿಸದೆ ಒಳಗೆ ಏನು ಬಳಿದರೂ ವ್ಯರ್ಥ.

ಆಮೇಲೆ ಎಮಲ್ಷನ್ ಪೂರ್ತಿ ಕೆರೆಯಬೇಕು, ಏಕೆಂದರೆ ಪ್ಲಾಸ್ಟಿಕ್ಕಿನ ಮೇಲೆ ಸುಣ್ಣ ಹಿಡಿಯುವುದಿಲ್ಲ. ಉಪ್ಪು ತಿಂದ ಗಾರೆಯನ್ನು ತೆಗೆದು ಸುಣ್ಣ, ಮರಳಿನ ಗಾರೆಯನ್ನೇ ಹಾಕಿಸಿ, ಸಿಮೆಂಟು ಬೇಡ. ಮಳೆ ನಿಂತಿರುವುದರಿಂದ ಒಂದು ತಿಂಗಳು ಕಿಟಕಿ ತೆರೆದು ಒಣಗಲು ಬಿಡಿ. ನಂತರ ಚೆನ್ನಾಗಿ ಅರಳಿಸಿ ಸೋಸಿದ ಸುಣ್ಣವನ್ನು ಹಾಲಿನಷ್ಟು ತೆಳುವಾಗಿ, ಗೋಡೆಯನ್ನು ನೀರು ಚಿಮುಕಿಸಿ ನೆನೆಸಿಕೊಂಡು, ದಿನಕ್ಕೊಂದರಂತೆ ಮೂರು ಕೈ ಹೊಡೆಸಿ. ದಪ್ಪವಾಗಿ ಒಂದೇ ಕೈ ಹೊಡೆಸಿದರೆ ಅಂಗೈಗೆಲ್ಲ ಅಂಟುತ್ತದೆ. ಸುಣ್ಣವು ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುತ್ತದೆ. ಅದರ ಕ್ಷಾರಗುಣಕ್ಕೆ ಬೂಸಲು ಸುಲಭವಾಗಿ ಹತ್ತುವುದಿಲ್ಲ. ಹಸಿ ಸುಣ್ಣ ಕಣ್ಣಿಗೆ ಸಿಡಿದರೆ ಸುಡುತ್ತದೆ, ಆದ್ದರಿಂದ ಕೆಲಸದವರಿಗೆ ಕನ್ನಡಕ ಕೊಡಿಸುವುದನ್ನು ಮರೆಯಬೇಡಿ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ನಿಮ್ಮ ಕಿಟಕಿ, ಬಾಗಿಲುಗಳ ಮೇಲೆ ಎಪ್ಪತ್ತು ವರ್ಷದ ಎನಾಮಲ್ ಪದರಗಳಿವೆ. ಮನೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ನಿಯಮವನ್ನು ನಮ್ಮ ದೇಶದಲ್ಲಿ 2016ರಲ್ಲಿ ಹೊರಡಿಸಿ, 2017ರ ನವೆಂಬರಿನಿಂದ ಜಾರಿಗೆ ತಂದರು. ಅದಕ್ಕಿಂತ ಹಿಂದಿನ ಪದರಗಳಲ್ಲಿ ಸೀಸವಿದೆಯೆಂದೇ ತಿಳಿದು ನಡೆಯಬೇಕು. ಒಣ ಮರಳುಕಾಗದದಿಂದ ಉಜ್ಜಿಸಿದರೆ ಆ ಧೂಳು ಕೋಣೆಯ ತುಂಬ ಕೂರುತ್ತದೆ. ಗಟ್ಟಿಯಾಗಿ ಕಚ್ಚಿಕೊಂಡಿರುವ ಬಣ್ಣವನ್ನು ಮುಟ್ಟದೆ, ಎದ್ದ ಜಾಗವನ್ನು ಮಾತ್ರ ಒದ್ದೆಮಾಡಿ ಕೆರೆದು, ಚೂರುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದು, ಮೇಲೆ ನೀರಿನಲ್ಲಿ ಕರಗುವ ಎನಾಮಲ್ ಒಂದು ಕೈ ಹೊಡೆಸಿ. ಈ ಕೆಲಸ ಮಗಳು ಮನೆಗೆ ಕಾಲಿಡುವ ಮೊದಲೇ ಮುಗಿದಿರಬೇಕು.

ರೆಡ್ ಆಕ್ಸೈಡ್ ನೆಲವಿದ್ದವರು ವಿನೈಲ್ ಹಾಸುವುದನ್ನು ಕೇಳಿದರೆ ಹೊಟ್ಟೆ ಉರಿಯುತ್ತದೆ. ಅದನ್ನು ಹಾಗೆಯೇ ಬಿಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು.

ನೀಲಿಹಕ್ಕಿ, ತುಮಕೂರು:

ಸುಣ್ಣ ಹೊಡೆಯುವವರು ನಮ್ಮ ಕಡೆ ಸಿಗುತ್ತಿಲ್ಲ. ಸಗಣಿಯಿಂದ ಮಾಡಿದ ಬಣ್ಣವನ್ನು ಬಳಸಬಹುದೇ ಸರ್?

ಸುಣ್ಣದಗೂಡು, ಮಡಿಕೇರಿ:

ಖಾದಿ ಆಯೋಗವು 2021ರ ಜನವರಿಯಲ್ಲಿ ಬಿಡುಗಡೆ ಮಾಡಿದ ಪ್ರಾಕೃತಿಕ ಪೇಂಟನ್ನು ನೀವು ಹೇಳುತ್ತಿದ್ದೀರಿ. ಡಿಸ್ಟೆಂಪರ್, ಎಮಲ್ಷನ್ ಎರಡು ಬಗೆಯಲ್ಲಿ ಬರುತ್ತದೆ. ಒಣ ಗೋಡೆಗೆ ಡಿಸ್ಟೆಂಪರ್ ಬಳಸಬಹುದು. ವಿಒಸಿ (ಆವಿಯಾಗಿ ಗಾಳಿಗೆ ಸೇರುವ ರಾಸಾಯನಿಕಗಳು) ಕಡಿಮೆ ಎಂದು ಮಾರುವ ಇತರ ಬಣ್ಣಗಳಲ್ಲಿ ಡಬ್ಬಿಯ ಮೇಲಿನ ಅಂಕಿ ಬಿಳಿಯ ಮೂಲಬಣ್ಣದ್ದಾಗಿರಬಹುದು. ಅಂಗಡಿಯಲ್ಲಿ ಗಾಢವರ್ಣ ಬೆರೆಸಿದರೆ ಅದು ಏರುತ್ತದೆ. ಮಲಗುವ ಕೋಣೆಗೆ ಆದಷ್ಟು ಬಿಳಿ, ತಿಳಿಬಣ್ಣಗಳನ್ನೇ ಆರಿಸಿಕೊಳ್ಳಿ.

ಮಕ್ಕಳ ವೈದ್ಯೆ, ಧಾರವಾಡ:

ತುಂಬೆಹೂ ಅವರೇ, ಗೋಡೆಯನ್ನೂ ಮರವನ್ನೂ ಬಲ್ಲವರು ಹೇಳಿದ್ದಾರೆ. ನಾನು ನೋಡುವುದು ಕೂಸುಗಳನ್ನು. ಆದ್ದರಿಂದ ಕೋಣೆ ಸಿದ್ಧವಾದ ಮೇಲೆ ಅದರೊಳಗೆ ನಾವೇ ತಂದಿಡುವ ವಿಷಗಳ ಬಗ್ಗೆ ಹೇಳಬೇಕಾಗಿದೆ.

ನುಸಿಗುಳಿಗೆ, ಡಾಂಬರು ಗುಳಿಗೆ ಎಂದು ಕರೆಯುವ ನ್ಯಾಫ್ತಲೀನ್ ಗುಳಿಗೆಗಳನ್ನು ಬೀರುವಿನಿಂದ ಇಂದೇ ತೆಗೆಯಿರಿ. ಮನೆಯಲ್ಲಿ ಹಿಂದಿನ ಮಕ್ಕಳು ತೊಟ್ಟ ಕುಲಾವಿ, ದುಪ್ಪಟಿಗಳನ್ನು ಆಸೆಯಿಂದ ಈ ಗುಳಿಗೆಗಳ ಜೊತೆ ಎತ್ತಿಟ್ಟಿರುತ್ತಾರೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ನವಜಾತ ಶಿಶುವಿಗೆ ಆ ಬಟ್ಟೆ ತೊಡಿಸಿದರೆ ಸಾಕು, ರಕ್ತಕಣಗಳು ಒಡೆದು ಕಾಮಾಲೆ ವಿಪರೀತವಾಗಿ ಏರಬಹುದು. ಕೊರತೆಯಿದೆಯೆಂದು ಹೊರಗಿನಿಂದ ಯಾರಿಗೂ ತಿಳಿಯುವುದಿಲ್ಲ. ಹಳೆಯ ಬಟ್ಟೆಯ ಪ್ರೀತಿ ನನಗೂ ಅರ್ಥವಾಗುತ್ತದೆ. ಆದರೆ ಗುಳಿಗೆಯ ವಾಸನೆ ಹಿಡಿದ ಬಟ್ಟೆ ಕೂಸಿಗೆ ಬೇಡವೇ ಬೇಡ. ಬೀರುವಿಗೆ ಒಣಗಿದ ಬೇವಿನ ಎಲೆಯನ್ನೋ ಲಾವಂಚದ ಬೇರನ್ನೋ ಇಡಿ.

ಸೊಳ್ಳೆಬತ್ತಿಯ ಸುರುಳಿಯನ್ನು ಆ ಕೋಣೆಯಲ್ಲಿ ಹಚ್ಚಬೇಡಿ. ಒಂದು ಸುರುಳಿ ಉರಿದು ಮುಗಿಯುವಷ್ಟರಲ್ಲಿ ಬಿಡುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳಿಂದ ಬರುವಷ್ಟಕ್ಕೆ ಸಮ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಕಿಟಕಿಗೆ ಜಾಲರಿ, ಮಂಚಕ್ಕೆ ಸೊಳ್ಳೆ ಪರದೆ ಇವೆರಡೇ ಸಾಕು. ಡೆಂಗಿ ತರುವ ಸೊಳ್ಳೆ ಹಗಲಿನಲ್ಲಿ ಕಚ್ಚುವುದರಿಂದ ಹಗಲು ನಿದ್ದೆಗೂ ಪರದೆ ಇರಲಿ.

ತುಂಬೆಹೂ, ಮೈಸೂರು:

ಡಾಕ್ಟರ್ ಅವರೇ, ಒಂದು ಕಷ್ಟವಿದೆ. ನಮ್ಮ ಅತ್ತೆಯವರಿಗೆ 84 ವರ್ಷ. ಬಾಣಂತಿ ಕೋಣೆಯ ಕಿಟಕಿ ತೆರೆಯಬಾರದು, ಮಂಚದ ಅಡಿಯಲ್ಲಿ ಕೆಂಡದ ಮಡಕೆ ಇರಬೇಕು, ಎಣ್ಣೆನೀರು ಆದಮೇಲೆ ತಾಯಿ ಮಗುವಿಗೆ ಸಾಂಬ್ರಾಣಿ ಹೊಗೆ ಕೊಡಲೇಬೇಕು ಎಂಬುದು ಅವರ ಗಟ್ಟಿ ನಂಬಿಕೆ. ಅವರು ಆರು ಹೆರಿಗೆ ಕಂಡವರು. ಅವರ ಮನಸ್ಸನ್ನು ನೋಯಿಸಲಾರೆ.

ಮಕ್ಕಳ ವೈದ್ಯೆ, ಧಾರವಾಡ:

ಅವರ ಮನಸ್ಸನ್ನು ನೋಯಿಸಬೇಕಾಗಿಲ್ಲ. ಹಿರಿಯರ ಕಾಳಜಿ ಇರುವುದು ಬೆಚ್ಚಗಿನ ಮೇಲೆ, ಮತ್ತು ಆ ಕಾಳಜಿ ಸರಿಯಾದದ್ದು. ನವಜಾತ ಶಿಶು ಬೇಗ ತಣ್ಣಗಾಗುತ್ತದೆ. ಆದರೆ ಅವರ ಕಾಲದ ಮನೆಗಳಲ್ಲಿ ಹೆಂಚಿನ ಸಂದಿಯಿಂದ ಗಾಳಿ ಆಡುತ್ತಿತ್ತು. ನಿಮ್ಮದು ತಾರಸಿಯ ಕೋಣೆ. ಕಿಟಕಿ ಮುಚ್ಚಿ ಕೆಂಡವಿಟ್ಟರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಮಲಗಿದವರು ಮಲಗಿದಲ್ಲಿಯೇ ಪ್ರಾಣ ಬಿಡುವಂಥದು. ಕೆಂಡದ ಮಾತನ್ನು ಮಾತ್ರ ಖಂಡಿತವಾಗಿ ಒಪ್ಪಬೇಡಿ.

ಹೊಗೆಯ ಬದಲು ಕೂಸಿನ ತಲೆಯನ್ನು ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಒರೆಸಿ, ಕುಲಾವಿ ಹಾಕಿ ಅಜ್ಜಿಯ ಮಡಿಲಿಗೇ ಕೊಡಿ. ಅಜ್ಜಿಯ ಸಮಾಧಾನಕ್ಕೆ ಸಾಂಬ್ರಾಣಿಯನ್ನು ದೇವರ ಮನೆಯಲ್ಲಿ, ಕೋಣೆಯ ಬಾಗಿಲು ಮುಚ್ಚಿ ಹಾಕಲಿ. ಕಿಟಕಿಯ ವಿಷಯದಲ್ಲಿ ನಾನು ಹೇಳಿಕೊಡುವ ಉಪಾಯವಿಷ್ಟೇ: ತಾಯಿ ಮಗು ಸ್ನಾನಕ್ಕೆ ಹೋದಾಗ ಎದುರುಬದುರಿನ ಕಿಟಕಿ ಬಾಗಿಲುಗಳನ್ನು ಹದಿನೈದು ನಿಮಿಷ ಪೂರ್ತಿ ತೆರೆಯಿರಿ. ಅವರು ಮರಳುವಷ್ಟರಲ್ಲಿ ಗಾಳಿ ಬದಲಾಗಿರುತ್ತದೆ, ಅಜ್ಜಿ ಹೇಳಿದಂತೆ ಕಿಟಕಿಯೂ ಮುಚ್ಚಿರುತ್ತದೆ. ಸಂಜೆ ಮತ್ತೊಮ್ಮೆ ಹೀಗೆಯೇ ಮಾಡಿ.

ಕೌದಿ, ಗದಗ:

ನಮಸ್ಕಾರ ಅಕ್ಕಾರ. ಹಾಸಿಗೆಯ ಮಾತನ್ನು ಯಾರೂ ಎತ್ತಲಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ನಮ್ಮ ಮನೆತನದವರು ತಲೆಮಾರುಗಳಿಂದ ಅರಳೆ ಹಿಂಜಿ ಗಾದಿ ಹೊಲಿಯುವವರು. ಫೋಮ್ ಎಂದರೆ ಪಾಲಿಯುರೆಥೇನ್, ಪೆಟ್ರೋಲಿಯಂನಿಂದ ಬಂದದ್ದು; ಹೊಸದರ ವಾಸನೆ ಹೋಗಲು ದಿನಗಳು ಬೇಕು, ಮಾಸಿದರೆ ತೊಳೆಯುವಂತಿಲ್ಲ, ಹಾಳಾದರೆ ಮಣ್ಣಾಗುವುದಿಲ್ಲ. ಅರಳೆಯ ಗಾದಿಯನ್ನು ಎರಡು ಮೂರು ವರ್ಷಕ್ಕೊಮ್ಮೆ ಬಿಚ್ಚಿ, ಮತ್ತೆ ಹಿಂಜಿ, ಹೊಸ ಬಟ್ಟೆಗೆ ತುಂಬಿಸಿದರೆ ಹೊಸದೇ ಆಗುತ್ತದೆ.

ನಮ್ಮ ಕಡೆ ಮಳೆಯಾಶ್ರಯದಲ್ಲಿ ಬೆಳೆಯುತ್ತಿದ್ದ ಜಯಧರ ಹತ್ತಿ ಗಾದಿಗೆ ಹೇಳಿ ಮಾಡಿಸಿದಂಥದು. ಎಳೆ ಗಿಡ್ಡ, ಒರಟು, ಆದ್ದರಿಂದ ಬೇಗ ಗಟ್ಟಿಯಾಗಿ ಕೂರುವುದಿಲ್ಲ. ಸಿಕ್ಕರೆ ಅದನ್ನೇ ಕೇಳಿ. ಮೋಸ ಆಗುವುದು ಒಳಗೆ ತುಂಬುವುದರಲ್ಲಿ. ಅಗ್ಗದ ಗಾದಿಯಲ್ಲಿ ಬಣ್ಣದ ಚಿಂದಿಯನ್ನು ಹರಿದು ಹಿಂಜಿ ತುಂಬಿರುತ್ತಾರೆ. ಒಂದು ಮೂಲೆಯ ಹೊಲಿಗೆ ಬಿಚ್ಚಿಸಿ ಕೈಹಾಕಿ ಹಿಡಿಯಷ್ಟು ತೆಗೆಯಿರಿ. ಒಳ್ಳೆಯ ಅರಳೆ ಕೆನೆಯ ಬಣ್ಣದ್ದು, ಬೆರಳಿನಲ್ಲಿ ಎಳೆದರೆ ಎಳೆಯೆಳೆಯಾಗಿ ಬರುತ್ತದೆ, ಅಲ್ಲಲ್ಲಿ ಬೀಜದ ಸಿಪ್ಪೆಯ ಕಪ್ಪು ಚುಕ್ಕೆ ಇರುತ್ತದೆ. ಚಿಂದಿಯದ್ದು ಬೂದು ಬಣ್ಣ, ನಡುವೆ ಕೆಂಪು ನೀಲಿ ದಾರ, ಎಳೆದರೆ ಪುಡಿಯಾಗಿ ಉದುರುತ್ತದೆ. ದಿಂಬಿಗೆ ಬೂರುಗದ ಅರಳೆ ಹಗುರ.

ನೀಲಿಹಕ್ಕಿ, ತುಮಕೂರು:

ಅರಳೆಯಲ್ಲಿ ಧೂಳಿನ ಹುಳಗಳು ಸೇರುತ್ತವೆ, ಉಬ್ಬಸದವರಿಗೆ ಆಗದು ಎನ್ನುತ್ತಾರಲ್ಲ? ರಬ್ಬರ್ ಹಾಲಿನ ಲ್ಯಾಟೆಕ್ಸ್ ಹಾಸಿಗೆಯೇ ಮೇಲಲ್ಲವೇ?

ಮಕ್ಕಳ ವೈದ್ಯೆ, ಧಾರವಾಡ:

ಧೂಳಿನ ಹುಳ ಯಾವ ಹಾಸಿಗೆಯಲ್ಲಾದರೂ ಸೇರುತ್ತದೆ. ಅದಕ್ಕೆ ಬೇಕಾದದ್ದು ತೇವ ಮತ್ತು ನಮ್ಮ ಚರ್ಮದ ಹೊಟ್ಟು. ಗಾದಿಗೆ ಒತ್ತಾಗಿ ನೇಯ್ದ ಬಟ್ಟೆಯ ಪೂರ್ಣ ಕವಚ ಹಾಕಿ, ಹೊದಿಕೆ ಹಾಸುಗಳನ್ನು ವಾರಕ್ಕೊಮ್ಮೆ 60 ಡಿಗ್ರಿಯ ಬಿಸಿನೀರಿನಲ್ಲಿ ಒಗೆದು, ಗಾದಿಯನ್ನು ಹದಿನೈದು ದಿನಕ್ಕೊಮ್ಮೆ ಬಿಸಿಲಿಗೆ ಹಾಕಿದರೆ ಉಬ್ಬಸದವರೂ ಅರಳೆಯ ಮೇಲೆ ಮಲಗಬಹುದು. ಬಡಿಯುವ ಕೆಲಸವನ್ನು ಮಗಳು ಮಾಡಬಾರದು, ಅಷ್ಟೇ. ಲ್ಯಾಟೆಕ್ಸ್ ಒಳ್ಳೆಯದೇ, ಆದರೆ ಬೆಲೆ ಹೆಚ್ಚು, ಕೆಲವರಿಗೆ ಅದರ ಅಲರ್ಜಿಯೂ ಉಂಟು.

ಮಗುವಿನ ಹಾಸಿಗೆ ಮಾತ್ರ ಮೆತ್ತಗಿರಬಾರದು. ಗಟ್ಟಿಯಾಗಿ, ಮಟ್ಟವಾಗಿರಬೇಕು, ಮಗುವನ್ನು ಅಂಗಾತ ಮಲಗಿಸಬೇಕು. ತಲೆ ಗುಂಡಗಾಗಲೆಂದು ಹೊಲಿಯುವ ರಾಗಿ ದಿಂಬು, ಸುತ್ತ ಒತ್ತು ಕೊಡುವ ಮೆತ್ತೆ ಯಾವುದೂ ಬೇಡ. ಇನ್ನೊಂದು ಮಾತು: ಸುಕ್ಕುಗಟ್ಟದ ಹಾಸುಬಟ್ಟೆ ಎಂದು ಮಾರುವವುಗಳಿಗೂ ಹೆಚ್ಚಾಗಿ ಫಾರ್ಮಾಲ್ಡಿಹೈಡ್ ಅಂಟಿನ ಲೇಪ ಇರುತ್ತದೆ. ಸಾದಾ ಹತ್ತಿಯನ್ನೇ ಕೊಂಡು ಎರಡು ಸಲ ಒಗೆದು ಬಳಸಿ. ಸಾಗರದ ಹತ್ತಿರ ಹೆಗ್ಗೋಡಿನ ಚರಕ ಸಂಸ್ಥೆಯ ಹೆಣ್ಣುಮಕ್ಕಳು ಅಡಿಕೆಯ ಚೊಗರಿನಲ್ಲಿ ಬಣ್ಣ ಹಾಕಿ ನೇಯುವ ಬಟ್ಟೆಯನ್ನು ನಾನು ಬಹಳ ವರ್ಷದಿಂದ ಬಳಸುತ್ತಿದ್ದೇನೆ.

ಸುಣ್ಣದಗೂಡು, ಮಡಿಕೇರಿ:

ಆರು ಕುಂಡಗಳ ವಿಷಯ ಉಳಿಯಿತು. ಗಿಡಗಳು ಗಾಳಿ ಶುದ್ಧಮಾಡುತ್ತವೆ ಎಂಬ ಮಾತು ನಾಸಾದವರು 1989ರಲ್ಲಿ ಮುಚ್ಚಿದ ಚಿಕ್ಕ ಪೆಟ್ಟಿಗೆಗಳಲ್ಲಿ ಮಾಡಿದ ಪ್ರಯೋಗದಿಂದ ಹುಟ್ಟಿದ್ದು. ಇಂಥ ಪ್ರಯೋಗಗಳನ್ನೆಲ್ಲ 2019ರಲ್ಲಿ ಮತ್ತೆ ಲೆಕ್ಕಹಾಕಿ ನೋಡಿದಾಗ, ತೆರೆದ ಕಿಟಕಿ ಮಾಡುವಷ್ಟು ಕೆಲಸಕ್ಕೆ ನೆಲದ ಒಂದು ಚದರ ಮೀಟರಿಗೆ ಹತ್ತರಿಂದ ಸಾವಿರ ಗಿಡಗಳು ಬೇಕೆಂದು ತಿಳಿಯಿತು. ಗಿಡಗಳನ್ನು ಕಣ್ಣಿನ ತಂಪಿಗೆ ವರಾಂಡದಲ್ಲಿಡಿ. ತೇವದ ಗೋಡೆಯಿರುವ ಕೋಣೆಗೆ ಒದ್ದೆ ಮಣ್ಣಿನ ಕುಂಡ ಬೇಡ.

ತುಂಬೆಹೂ, ಮೈಸೂರು:

ಎರಡು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ, ಎಲ್ಲರೂ ಕ್ಷಮಿಸಬೇಕು. ಎಂಜಿನಿಯರ್ ಸರ್ ಹೇಳಿದಂತೆ ಹೊರಗೆ ಹೋಗಿ ನೋಡಿದರೆ ನಾನೇ ಆಸೆಯಿಂದ ಬೆಳೆಸಿದ ಮಲ್ಲಿಗೆಯ ಮಡಿ ಅಡಿಪಾಯದ ಪಟ್ಟಿಯಿಂದ ಒಂದು ಗೇಣು ಮೇಲೆ ಬಂದಿತ್ತು. ಮಣ್ಣು ತೆಗೆಸಿ ಜಲ್ಲಿ ಹಾಕಿಸಿದೆವು. ಸುಣ್ಣ ಹೊಡೆಯುವ ಹಿರಿಯರೊಬ್ಬರು ನಂಜನಗೂಡಿನ ಕಡೆಯಿಂದ ಸಿಕ್ಕರು. ಮೂರನೆಯ ಕೈ ಒಣಗಿದ ದಿನ ಬೆಳಗ್ಗೆ ಕಿಟಕಿ ತೆರೆದಾಗ ಇಡೀ ಕೋಣೆ ಹಾಲಿನಂತೆ ಬೆಳಗಿತು. ಅತ್ತೆಯವರು ಬಾಗಿಲಲ್ಲಿ ನಿಂತು, ತಾವು ಈ ಮನೆಗೆ ಮದುವೆಯಾಗಿ ಬಂದಾಗ ಗೋಡೆ ಹೀಗೆಯೇ ಇತ್ತು ಎಂದರು. ಒಂದು ಮೂಲೆಯಲ್ಲಿ ಇನ್ನೂ ಸ್ವಲ್ಪ ಉಪ್ಪು ಕಾಣುತ್ತಿದೆ, ಅದನ್ನು ಒಣ ಬ್ರಷ್ಷಿನಲ್ಲಿ ಗುಡಿಸಿ ತೆಗೆಯುತ್ತಿದ್ದೇನೆ. ಮಂಚ, ಗಾದಿ, ಜಾಲರಿ, ಪರದೆ, ಗೋಡೆ ಎಲ್ಲ ಸೇರಿ 58,000 ರೂಪಾಯಿಯಾಯಿತು. ಕೆಂಡದ ಮಡಕೆಯ ಬದಲು ಬಿಸಿನೀರಿನ ಚೀಲವಾಗಬಹುದೆಂದು ಅತ್ತೆಯವರೇ ಒಪ್ಪಿದರು. ಮಗಳು ಬಂದು ಒಂಬತ್ತು ದಿನವಾಯಿತು, ಒಂದು ರಾತ್ರಿಯೂ ಉಬ್ಬಸದ ಪಂಪ್ ಎಳೆದುಕೊಂಡಿಲ್ಲ.

ಕೊನೆಯದೊಂದು ಪ್ರಶ್ನೆ ಬಡಗಿ ಅಣ್ಣನವರಿಗೆ. ಅಟ್ಟದ ಮೇಲೆ ನನ್ನ ಯಜಮಾನರನ್ನು ತೂಗಿದ ಮರದ ತೊಟ್ಟಿಲಿದೆ. ಅದರ ಮೇಲೆ ಹಸಿರು ಎನಾಮಲ್ ದಪ್ಪವಾಗಿದೆ, ಅಲ್ಲಲ್ಲಿ ಎದ್ದಿದೆ. ಸೀಸದ ಮಾತು ಕೇಳಿದ ಮೇಲೆ ಅದನ್ನು ಕೆಳಗಿಳಿಸಲು ಕೈ ಬರುತ್ತಿಲ್ಲ.

ಹಳೇಮರ, ಹುಣಸೂರು:

ಇಳಿಸಿ ಮನೆಯೊಳಗೆ ಇಡಬೇಡಿ ತಾಯಿ, ಮಗಳು ಇರುವಾಗ ಆ ಬಣ್ಣವನ್ನು ಮನೆಯೊಳಗೆ ಕೆರೆಯಲೇಬಾರದು. ಹಳೆಯ ಸೀರೆಯಲ್ಲಿ ಸುತ್ತಿ ಹಾಗೆಯೇ ಗಾಡಿಗೆ ಹಾಕಿ ನನ್ನಲ್ಲಿಗೆ ಕಳುಹಿಸಿಕೊಡಿ. ಬಯಲಿನಲ್ಲಿ ಒದ್ದೆಮಾಡಿಕೊಂಡು ಬಣ್ಣ ಪೂರ್ತಿ ತೆಗೆದು, ತೊಳೆದು ಒಣಗಿಸಿ, ಚನ್ನಪಟ್ಟಣದ ಗೊಂಬೆಗಳಿಗೆ ಹಚ್ಚುತ್ತಾರಲ್ಲ ಅದೇ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ತೆಳುವಾಗಿ ಎರಡು ಕೈ ಕೊಡುತ್ತೇನೆ. ಸ್ಪಿರಿಟ್ ಆರಿಹೋದ ಮೇಲೆ ಉಳಿಯುವುದು ಅರಗು ಮಾತ್ರ. ಮಗು ಹಲ್ಲು ಬರುವಾಗ ಕಚ್ಚಿದರೂ ಹೆದರಬೇಕಾಗಿಲ್ಲ. ಮೂರು ವಾರ ಸಮಯ ಕೊಡಿ, ಹೆರಿಗೆಗೆ ಮೊದಲೇ ನಿಮ್ಮ ಮನೆಗೆ ತಲುಪಿಸುತ್ತೇನೆ.